ಹೂಂ ಅನ್ನದ ಹುಡುಗಿ

ಕಳೆದ ವಾರ ನಮ್ಮ ಶಾಲೆಗೆ ಒಂದು ಸುತ್ತೋಲೆ ಬಂತು. ಓದಿ ಒಪ್ಪಿ ಸಹಿ ಹಾಕಬೇಕಿತ್ತು. ಪೆನ್ನಿಗಾಗಿ ಬೀರು ತೆರೆದರೆ ಪೆನ್ನು ಸಿಗಲಿಲ್ಲ, ಹಳೆಯ ಕ್ಯಾಲೆಂಡರ್ ಹಾಳೆಗಳ ಸುರುಳಿಯೊಂದು ಕಾಲ ಮೇಲೆ ಬಿತ್ತು. ಬಿಡಿಸಿದೆ. ಅದಕ್ಕೆ ಇನ್ನೂ ಈರುಳ್ಳಿ ವಾಸನೆ ಇತ್ತು ಎಂದರೆ ನೀವು ನಂಬಲಾರಿರಿ. ನಂಬಬೇಡಿ, ನನ್ನ ಮೂಗು ಮೊದಲಿನಿಂದಲೂ ಇದ್ದದ್ದಕ್ಕೆ ಒಂದಿಷ್ಟು ಸೇರಿಸಿಯೇ ಹೇಳುವುದು.

ಹೂಂ ಅನ್ನುವುದರಲ್ಲಿ ನಾನು ಪಳಗಿದ ಕೈ. ಮನೆಯಲ್ಲಿ ಅತ್ತೆಗೆ ಹೂಂ, ಚಾಮರಾಜನಗರದ ಮೀಟಿಂಗಿನಲ್ಲಿ ಸಾಹೇಬರಿಗೆ ಹೂಂ. ಹೋದ ವರ್ಷ ಹಾಡಿನಿಂದ ಕಲಿಸಿ ಎಂದವರಿಗೂ ಹೂಂ, ಈ ವರ್ಷ ಹಾಡು ನಿಲ್ಲಿಸಿ ಎಂದವರಿಗೂ ಹೂಂ. ಈ ವಿದ್ಯೆ ಬಂದದ್ದು ಅಜ್ಜಿಯಿಂದ. ನಮ್ಮ ಕಡೆ ಕತೆ ಹೇಳುವಾಗ ಕೇಳುವವರಲ್ಲಿ ಒಬ್ಬರು ಮಾತು ಮಾತಿಗೂ ಹೂಂಗುಟ್ಟಬೇಕು. ನಿಲ್ಲಿಸಿದರೆ ಅಜ್ಜಿಯೂ ನಿಲ್ಲಿಸುತ್ತಿದ್ದಳು. "ಊಂ ಅನ್ನೋರಿಲ್ದಿದ್ರೆ ನಾನೇನ್ ಗ್ವಾಡೆಗ್ ಏಳನಾ?" ಎಂದು ಎದ್ದು ಹೋಗಿ ಮಲಗಿಬಿಡುತ್ತಿದ್ದಳು.

ಹರದನಹಳ್ಳಿ ಕಡೆಯ ಈ ಶಾಲೆಗೆ ಬಂದ ಮೊದಲ ವರ್ಷ, ಅಂದರೆ ಏಳು ವರ್ಷದ ಹಿಂದೆ, ನಾಲ್ಕನೇ ತರಗತಿಯಲ್ಲಿ ನಾನೊಂದು ಆಟ ಹೂಡಿದೆ. ಒಂದೇ ಕತೆ, ಒಬ್ಬೊಬ್ಬರದು ಒಂದೊಂದು ವಾಕ್ಯ. ಹೇಳಿದವರು ತಮ್ಮ ವಾಕ್ಯವನ್ನು ಕ್ಯಾಲೆಂಡರಿನ ಹಿಂಬದಿಗೆ ತಾವೇ ಬರೆಯಬೇಕು, ಬಾರದಿದ್ದರೆ ಪಕ್ಕದವರನ್ನು ಕೇಳಬಹುದು. ಒಬ್ಬರು ಹೂಂಗುಟ್ಟುವವರು. ಅವರಿಗೊಂದು ಅಧಿಕಾರ: ಕತೆ ಸರಿಯಿಲ್ಲ ಅನ್ನಿಸಿದರೆ ಹೂಂ ಅನ್ನದೆ ತಡೆಯಬಹುದು. ತಡೆದ ಮೇಲೆ ಮಾತ್ರ, ಏನು ಸರಿಯಿಲ್ಲ ಎಂದು ಹೇಳಲೇಬೇಕು.

ಹೂಂಗುಟ್ಟುವ ಕೆಲಸವನ್ನು ಮಾದೇವಿಗೆ ಕೊಟ್ಟೆ. ಕೊಟ್ಟದ್ದು ಘನವಾದ ಯೋಚನೆ ಮಾಡಿ ಅಲ್ಲ, ಬೇರೆ ಏನೂ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಮೂರು ವರ್ಷ ಶಾಲೆಗೆ ಬಂದಿದ್ದಳು, ಹಾಜರಿಗೂ ಕೈ ಎತ್ತುವುದೇ ಹೊರತು ಮಾತಿಲ್ಲ. ಓದು ಬಾರದ ಮಕ್ಕಳ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಅವಳ ತಾಯಿ ದಿನಾ ಗುಂಡ್ಲುಪೇಟೆಯ ಮಂಡಿಗೆ ಈರುಳ್ಳಿ ಆರಿಸಲು ಹೋಗುವವಳು. ಒಂದು ದಿನ ಬಂದು ಹೇಳಿದಳು: "ಮಿಸ್ಸೇ, ಯುಗಾದಿಗಂಟ ನೋಡ್ತಿನಿ. ಆಮೇಲೆ ನನ್ ಜೊತೇಲಿ ಮಂಡಿಗ್ ಕರ್ಕೊಂಡ್ ಓಯ್ತಿನಿ. ಓದೇ ಬರ್ದಿದ್ ಮಗ ಇಲ್ಲಿ ಕುಂತು ಏನ್ ಮಾಡದು?" ನಾನು ಅದಕ್ಕೂ ಹೂಂ ಅಂದೆ.

ಕತೆ ಒಂದು ಆನೆಯದು. ಬಂಡೀಪುರದ ರಸ್ತೆಯಲ್ಲಿ ಕೇರಳಕ್ಕೆ ಹೋಗುವ ಈರುಳ್ಳಿ ಲಾರಿಗೆ ಅಡ್ಡ ನಿಂತ ಆನೆ. ಕಬ್ಬಿನ ಲಾರಿ ಅಂದುಕೊಂಡು ನಿಂತಿತಂತೆ. ಈರುಳ್ಳಿ ಎಂದು ತಿಳಿದ ಮೇಲೂ ಮರ್ಯಾದೆಯ ಪ್ರಶ್ನೆ, ಜಗ್ಗಲಿಲ್ಲ. ಪ್ರತಿದಿನ ಆಟ ಶುರುವಾಗುವ ಮೊದಲು ಹಿಂದಿನ ದಿನದ ಹಾಳೆಯನ್ನು ನಡುವೆ ಹರಡಿ ಒಬ್ಬರು ಗಟ್ಟಿಯಾಗಿ ಓದಬೇಕು. ಮಾದೇವಿ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೂಂ, ಹೂಂ ಎಂದು ಸಾಗುವಳು.

ಒಂದು ದಿನ ನಂಜುಂಡ ಓದುತ್ತಿದ್ದ. ನಮ್ಮ ತರಗತಿಯ ಜಾಣ, ರೈಲಿನಂತೆ ಓದುವವನು. ಇದ್ದಕ್ಕಿದ್ದಂತೆ ಹೂಂ ನಿಂತಿತು.

"ಊಂ ಅನ್ನಮ್ಮಿ!" ಎಂದ.

ಅನ್ನಲಿಲ್ಲ. ನಾನು ಹೋಗಿ ನೋಡಿದರೆ ಅವಳ ಬೆರಳು ಒಂದು ಸಾಲಿನ ಮೇಲೆ ಊರಿಕೊಂಡಿತ್ತು. ನಂಜುಂಡ ಅವಸರದಲ್ಲಿ ಹಾರಿಸಿದ್ದು ಅದೇ ಸಾಲನ್ನು. ಹುಡುಗಿ ಓದುತ್ತಿದ್ದಳು! ಎಷ್ಟು ದಿನದಿಂದಲೋ, ಯಾರಿಗೂ ಹೇಳದೆ. ಪಟ್ಟಿಯಲ್ಲಿ ಅವಳ ಹೆಸರು ಬರೆದವಳು ನಾನೇ.

ಮಾರನೆಯ ವಾರವೇ ಮೇಲಿನ ಕಚೇರಿಯಿಂದ ಸಾಹೇಬರೊಬ್ಬರು ಬಂದರು. ಮಕ್ಕಳು ಸುತ್ತ ಕೂತು ಗದ್ದಲ ಮಾಡುತ್ತಿದ್ದುದನ್ನು ನೋಡಿ ಅವರ ಹುಬ್ಬು ಗಂಟಾಯಿತು. "ಕತೆ ಗಿತೆ ಸಾಕು. ಇನ್ಮೇಲೆ ಈ ಆಟ ಇಲ್ಲ, ಎಲ್ಲರೂ ಕಾಪಿ ಬರೀರಿ. ಆಯ್ತಾ?" ಎಂದರು.

ಮಕ್ಕಳೆಲ್ಲ ಅಭ್ಯಾಸಬಲದಿಂದ ಮಾದೇವಿಯತ್ತ ತಿರುಗಿದರು. ಅವಳು ಹೂಂ ಅನ್ನಲಿಲ್ಲ. ಸಾಹೇಬರು ಕಾದರು. ತಡೆದವರು ಕಾರಣ ಹೇಳಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು. ಎದ್ದು ನಿಂತಳು.

"ಸರ್ಗಿಲ್ಲ ಸಾರ್. ಆನೆ ಇನ್ನೂ ರಸ್ತೇಲೇ ನಿಂತದೆ. ಅದು ಏನ್ ಮಾಡ್ತು ಅಂತ ಬರೀದೆ ಎಂಗ್ ಬುಡದು?"

ನಮ್ಮ ಶಾಲೆಯಲ್ಲಿ ಅವಳು ಆಡಿದ ಮೊದಲ ಮಾತು ಅದು. ಸಾಹೇಬರು ಹೆಸರು ಕೇಳಿ ಓದು ಬಾರದವರ ಪಟ್ಟಿ ನೋಡಿದರು, ಅವಳ ಕೈಗೆ ಹಾಳೆ ಕೊಟ್ಟು ಓದು ಎಂದರು. ಓದಿದಳು, ಒಂದು ಸಾಲೂ ಬಿಡದೆ. ಪಟ್ಟಿಯಿಂದ ಹೆಸರು ಹೊಡೆದು ಹಾಕಿ, ನನ್ನ ಕಡೆ ತಿರುಗಿದರು. "ಆದರೂ ಆಟ ಬೇಡ ಮೇಡಂ." ಅಷ್ಟು ಪುಟ್ಟ ಹುಡುಗಿ ಎದುರಲ್ಲಿ ನಿಂತಿರುವಾಗ ನಾನು ಏನೆಂದೆ ಗೊತ್ತೆ? ಹೂಂ ಸಾರ್, ಅಂದೆ.

ಅವರ ಜೀಪು ತಿರುವು ದಾಟಿದ ಮೇಲೆ ಆಟ ಮತ್ತೆ ಶುರು ಮಾಡಿದೆ ಎಂಬುದು ನಿಜ. ಏಳು ವರ್ಷದಿಂದ ಬಾಗಿಲು ಮುಂದೆ ಮಾಡಿಕೊಂಡು ಆಡಿಸುತ್ತಲೇ ಬಂದಿದ್ದೇನೆ. ಯುಗಾದಿ ಕಳೆದರೂ ಅವಳ ತಾಯಿ ಮಗಳನ್ನು ಮಂಡಿಗೆ ಕರೆದೊಯ್ಯಲಿಲ್ಲ. ಮಾದೇವಿ ಈಗ ಗುಂಡ್ಲುಪೇಟೆಯ ಕಾಲೇಜಿನಲ್ಲಿದ್ದಾಳೆ. ಆದರೆ ಆ ದಿನ ಅವಳು ನನ್ನ ಮುಖ ನೋಡಿದ್ದು ಮಾತ್ರ ನನ್ನಿಂದ ಮರೆಯಲಾಗಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಬಂದಿರುವ ಸುತ್ತೋಲೆಯೂ ಅದನ್ನೇ ಹೇಳುತ್ತದೆ: ಕತೆ ಆಟಗಳನ್ನು ಕೂಡಲೇ ನಿಲ್ಲಿಸುವುದು, ಆ ಅವಧಿಯಲ್ಲಿ ಪರೀಕ್ಷೆಯ ಅಭ್ಯಾಸ ಮಾಡಿಸುವುದು. ಸುರುಳಿಯ ಕೊನೆಯ ಹಾಳೆಯನ್ನು ಮತ್ತೊಮ್ಮೆ ಓದಿದೆ. ಕಡೆಯ ಸಾಲು ಮಾದೇವಿಯ ಕೈಬರಹ, ಅಕ್ಷರಗಳು ಹಾಳೆ ಹರಿಯುವಷ್ಟು ಒತ್ತಿ ಬರೆದವು: "ಲಾರಿಯವನು ಎಷ್ಟು ಆರನ್ ಒಡೆದರೂ ಆನೆ ದಾರಿ ಬಿಡಲಿಲ್ಲ."

ಪೆನ್ನು ನನ್ನ ಕೈಚೀಲದಲ್ಲೇ ಇತ್ತು. ಸಹಿ ಹಾಕುವ ಜಾಗದಲ್ಲಿ 'ಒಪ್ಪಿಗೆಯಿಲ್ಲ, ಕಾರಣ ಲಗತ್ತಿಸಿದೆ' ಎಂದು ಬರೆದೆ. ಕ್ಯಾಲೆಂಡರ್ ಹಾಳೆ ಕೊಡಲು ಮನಸ್ಸು ಬರಲಿಲ್ಲ, ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆದೆ. ಆಮೇಲೆ ನಾಲ್ಕನೇ ತರಗತಿಗೆ ಹೋಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಇವತ್ತು ಹೂಂಗುಟ್ಟುವವರು ಯಾರು ಎಂದು ಕೇಳಿದೆ.