ಚಪ್ಪಲಿ ಕಪ್ಪೆಯ ಆದಿಲಕ್ಷ್ಮಮ್ಮ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯ ಪಕ್ಕ, ಸಿಂಗಾರಕೆರೆಯ ಏರಿ ಕೆಳಗಿನ ತಗಡಿನ ಅಂಗಡಿಯಲ್ಲಿ ಆದಿಲಕ್ಷ್ಮಮ್ಮ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಪ್ಪೆಗಳಿಗೆ ಈಜು ಪರೀಕ್ಷೆ ನಡೆಸುತ್ತಿದ್ದಾರೆ. ಜೀವದ ಕಪ್ಪೆಗಳಲ್ಲ. ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ, ಹೆಬ್ಬೆರಳು ಗಾತ್ರದ ರಬ್ಬರ್ ಕಪ್ಪೆಗಳು. ಹಿಂಗಾಲಿಗೆ ಸೈಕಲ್ ಟ್ಯೂಬಿನ ಸೀಳು, ಹೊಟ್ಟೆಯಡಿ ಚೂರು ಸೀಸ, ಬೆನ್ನಿಗೆ ಒರಗಿದ ಹಾಗೆ ಎರಡು ಕೊಕ್ಕೆ. ನೀರಿಗೆ ಬಿಟ್ಟರೆ ಬೆನ್ನು ಮೇಲೆ ಮಾಡಿ ತೇಲಬೇಕು. ಒಂದು ಕಪ್ಪೆ ಮಾತ್ರ ಮಗ್ಗುಲಿಗೆ ವಾಲುತ್ತದೆ. "ಇವ್ನಿಗೆ ರಾತ್ರಿ ಜಾಸ್ತಿ ಆಗಿದೆ" ಎನ್ನುತ್ತಾ ಅದನ್ನು ಎತ್ತಿ ಪಕ್ಕಕ್ಕೆ ಇಡುತ್ತಾರೆ.

ಈ ಕಪ್ಪೆಗಳೆಲ್ಲ ಕೊರಮೀನಿಗೆ ಆಸೆ ತೋರಿಸಿ ಗಾಳಕ್ಕೆ ಬೀಳಿಸುವುದಕ್ಕಾಗಿ. ಹಾವಿನಂಥ ತಲೆ, ಜೊಂಡಿನೊಳಗೆ ಅವಿತು ಕೂರುವ ಬುದ್ಧಿ, ಸಿಟ್ಟು ಬಂದರೆ ನೀರೇ ಸಿಡಿಯುವಂಥ ಹೊಡೆತ. ನಮ್ಮ ಕೆರೆಗಳಲ್ಲಿ ಗಾಳ ಹಾಕುವವರಿಗೆ ಇದರಷ್ಟು ಹುಚ್ಚು ಹಿಡಿಸುವ ಮೀನು ಬೇರೊಂದಿಲ್ಲ. ಆ ಹುಚ್ಚು ಹಿಡಿದವರು ಗೌರಿಬಿದನೂರಿನಿಂದ, ಚಿಕ್ಕಬಳ್ಳಾಪುರದಿಂದ, ಭಾನುವಾರವಾದರೆ ಬೆಂಗಳೂರಿನಿಂದಲೂ ಬೈಕು ಹತ್ತಿ ಈ ತಗಡಿನ ಅಂಗಡಿಗೆ ಬರುತ್ತಾರೆ. ಹೆಲ್ಮೆಟ್ ತೆಗೆಯುವ ಮೊದಲೇ "ಅಮ್ಮ, ಕಪ್ಪೆ ಇದೆಯಾ?" ಎಂದು ಕೇಳುತ್ತಾರೆ. ಹೊರಗಿನವರ ಕಿವಿಗೆ ಇದು ಹೇಗೆ ಕೇಳಿಸುತ್ತದೋ ಕಾಣೆ.

ಇವತ್ತು ಆದಿಲಕ್ಷ್ಮಮ್ಮನಿಗೆ ಬೇರೆ ಚಿಂತೆ. ಕೆರೆಯ ಮೀನು ಸಾಕಣೆಯನ್ನು ನೋಡಿಕೊಳ್ಳುವ ಊರ ಸಂಘದ ಮುಖ್ಯಸ್ಥ ಮುರಳಿಮೋಹನ್ ಇನ್ನೇನು ಬರಲಿದ್ದಾರೆ. ಸೋಮವಾರದಿಂದ ಕೆರೆಯಲ್ಲಿ ಗಾಳವನ್ನೇ ನಿಲ್ಲಿಸುವುದು ಅವರ ಯೋಚನೆ. ಗಾಳದವರು ಕೊರಮೀನನ್ನು ಬರಿದು ಮಾಡುತ್ತಿದ್ದಾರೆ ಎಂಬುದು ಸಂಘದ ದೂರು. ಅದಕ್ಕೆ ಆದಿಲಕ್ಷ್ಮಮ್ಮ ಒಂದು ಅವಕಾಶ ಕೇಳಿದ್ದಾರೆ. ತನ್ನ ಕಪ್ಪೆಯಿಂದ ಒಂದು ಮೀನು ಹಿಡಿದು, ಗಾಯವಿಲ್ಲದೆ ನೀರಿಗೆ ಬಿಟ್ಟು ತೋರಿಸುತ್ತೇನೆ, ಅದು ಈಜಿಕೊಂಡು ಹೋದರೆ ಗಾಳ ಉಳಿಯಲಿ ಎಂದಿದ್ದಾರೆ. ಕೆರೆ ಮುಚ್ಚಿದರೆ ಅಂಗಡಿಯೂ ಮುಚ್ಚಿದ ಹಾಗೆಯೇ.

"ಭಯ ಆಗ್ತಿದೆಯಾ ಅಮ್ಮ?" ಎಂದು ಕೇಳುತ್ತೇನೆ.

"ಆಗದೇ ಏನು? ನಾನು ಹಿಡೀತೀನಿ ಅಂದ್ರೆ ಆಗೋಯ್ತಾ, ಮೀನೂ ಒಪ್ಬೇಕಲ್ಲ!" ನಗುತ್ತಾರೆ. ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುವ ಮುಖ ಅವರದು.

ಐವತ್ತು ದಾಟಿದ ಆದಿಲಕ್ಷ್ಮಮ್ಮ ಹುಟ್ಟಿದ್ದು ಅಂಬಾಜಿದುರ್ಗದ ಬುಡದ ಒಂದು ಹಳ್ಳಿಯಲ್ಲಿ. ಬಿದಿರು ಗಳಕ್ಕೆ ದಾರ ಕಟ್ಟಿ ಕೆರೆ ದಡದಲ್ಲಿ ಕೂರುತ್ತಿದ್ದ ಅಪ್ಪನ ಪಕ್ಕ ಎರೆಹುಳದ ಡಬ್ಬಿ ಹಿಡಿದುಕೊಂಡು ಕೂರುವುದೇ ಅವರ ಬಾಲ್ಯದ ಕೆಲಸ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಮೇಲೆ ರೇಷ್ಮೆ ನೂಲು ತೆಗೆಯುವ ಘಟಕಕ್ಕೆ ಸೇರಿದರು. ಕುದಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹುಡುಕಿ ರಾಟೆಗೆ ಕೊಡುವ ಕೆಲಸ. ಬೆರಳ ತುದಿಗಳು ಬೆಂದು ಬಿಳುಚಿಕೊಂಡು, ರಾತ್ರಿ ಅನ್ನ ಕಲಸಿದರೆ ಸಾರಿನ ಖಾರಕ್ಕೆ ಚುರುಗುಟ್ಟುತ್ತಿದ್ದವಂತೆ. ದೊಡ್ಡ ಯಂತ್ರಗಳು ಬಂದ ಮೇಲೆ ಆ ಸಣ್ಣ ಘಟಕ ಮುಚ್ಚಿತು. ಆಗ ಅವರು ಕೆರೆ ಏರಿ ಕೆಳಗೆ ಟೀ ಅಂಗಡಿ ಇಟ್ಟರು. ಟೀ ಪಕ್ಕದಲ್ಲಿ ಗಾಳ, ದಾರ, ಬೆಂಡು ಸೇರಿಕೊಂಡವು.

ಕಪ್ಪೆ ಹುಟ್ಟಿದ ಕಥೆ ಕೇಳಬೇಕಾದರೆ ಸುಧೀಂದ್ರ ಅವರನ್ನೇ ಕೇಳಬೇಕು. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು, ಈ ಅಂಗಡಿಯ ಬಹಳ ಹಳೆಯ ಗಿರಾಕಿ. ಇವತ್ತೂ ರಜೆ ಹಾಕಿ ಬಂದು ಬೆಂಚಿನ ಮೇಲೆ ಕೂತಿದ್ದಾರೆ. "ನನ್ನ ಹತ್ರ ಫಾರಿನ್ ಕಪ್ಪೆ ಒಂದಿತ್ತು ಸಾರ್. ಕೊರಮೀನು ಅದನ್ನ ಹರಿದು ಹಾಕ್ತು. ಅಳೋದೊಂದು ಬಾಕಿ. ಟೀ ಕುಡಿಯೋಣ ಅಂತ ಬಂದ್ರೆ ಅಮ್ಮ ಅದನ್ನ ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಹೋಗಿ ಚಾಕು ತಂದ್ರು."

ಅವತ್ತು ಬಲಿಯಾದದ್ದು ಗಂಡ ಕನಕರಾಜ್ ಅವರ ಎಡಗಾಲಿನ ಚಪ್ಪಲಿ. ಬಸ್ ಡ್ರೈವರ್ ಆದ ಅವರು ಮರುದಿನ ಬೆಳಗ್ಗೆ ಎದ್ದು ಚಪ್ಪಲಿ ಹುಡುಕಿ ಹುಡುಕಿ ಸುಸ್ತಾಗಿ, ನಾಯಿ ಕಚ್ಚಿಕೊಂಡು ಹೋಗಿರಬೇಕೆಂದು ಬೀದಿಯ ನಾಯಿಗಳನ್ನೆಲ್ಲ ಬೈದರಂತೆ. ಹೆಂಡತಿ ಬಾಯಿ ಬಿಡಲಿಲ್ಲ. ತಮಾಷೆಯೆಂದರೆ ಕನಕರಾಜ್ ಮೀನು ತಿನ್ನುವುದಿಲ್ಲ, ವಾಸನೆಯೇ ಆಗದು.

ಮೊದಮೊದಲು ವ್ಯಾಪಾರ ಸುಲಭವಿರಲಿಲ್ಲ. ಹೆಂಗಸಿನ ಕೈಯಿಂದ ಗಾಳ ತಗೊಂಡರೆ ಮೀನು ಕಚ್ಚುವುದಿಲ್ಲ ಎಂದು ಕೆಲವರು ಏರಿ ಮೇಲಿಂದಲೇ ವಾಪಸು ಹೋಗುತ್ತಿದ್ದರು. "ನಾನೂ ಬಿಡ್ಲಿಲ್ಲ. ತಗೊಂಡ್ಹೋಗ್ರಪ್ಪ, ಕಚ್ಚದಿದ್ರೆ ಕಾಸು ಕೊಡ್ಬೇಡಿ ಅಂದೆ. ಕಚ್ತು. ಮೀನಿಗೇನು ಗೊತ್ತಾಗತ್ತೆ, ಕಟ್ಟಿದ್ದು ಗಂಡಸೋ ಹೆಂಗಸೋ ಅಂತ? ಅಂತೇ ಕದಾ, ಅಷ್ಟೇ ತಾನೆ!"

ಈಗ ಅವರ ಮಾತನ್ನೇ ಕೇಳಿಕೊಂಡು ನೀರಿಗಿಳಿಯುವವರು ಬಹಳ. ಕಪ್ಪೆ ಎಸೆಯಲು ಬಾಗುವಂಥ ಗಾಳದ ರಾಡು ಬೇಡ, ಗಟ್ಟಿ ಇರಲಿ ಎನ್ನುತ್ತಾರೆ. ಮೀನು ಕಚ್ಚಿದ ಕೂಡಲೇ ಜೊಂಡಿನೊಳಗೆ ನುಗ್ಗುತ್ತದೆ, ಅಲ್ಲಿಂದ ಎತ್ತಲು ರಾಡಿಗೆ ಬೆನ್ನುಮೂಳೆ ಬೇಕು. ನೆರಳು ನೀರಿನ ಮೇಲೆ ಬೀಳಬಾರದು. ಏರಿ ಮೇಲೆ ಧಪಧಪ ನಡೆಯಬಾರದು. ಆಷಾಢದ ಗಾಳಿಗೆ ಎದುರು ನಿಂತು ಎಸೆದರೆ ಕಪ್ಪೆ ನಿಮ್ಮ ಮುಖಕ್ಕೇ ಬರುತ್ತದೆ. ಇದನ್ನು ನಾನು ನಂಬದೆ ಎಸೆದು ನೋಡಿದೆ, ಕಪ್ಪೆ ನನ್ನ ಅಂಗಿಯ ಕಾಲರು ಹಿಡಿಯಿತು. ಬಿಡಿಸಿಕೊಡುವಾಗ ಸುಧೀಂದ್ರ ಅವರಿಗೆ ನಗು ತಡೆಯಲಾಗಲಿಲ್ಲ.

"ಎಸೆದ ತಕ್ಷಣ ಎಳೀಬಾರ್ದು ಸಾರ್" ಎಂದು ಆದಿಲಕ್ಷ್ಮಮ್ಮ ನನಗೆ ಪಾಠ ಮುಂದುವರಿಸುತ್ತಾರೆ. "ಎಲೆ ಮೇಲೆ ಬೀಳ್ಸಿ, ನೀರಿನ ಸುತ್ತು ಅಡಗೋವರೆಗೂ ಸುಮ್ನಿರಿ. ಆಮೇಲೆ ರಾಡಿನ ತುದಿ ಕೆಳಗ್ಮಾಡಿ, ಟುಕ್, ಟುಕ್, ಅಷ್ಟೇ. ಮೀನು ಧಡ್ ಅಂತ ಹೊಡ್ದಾಗ ಎಲ್ರೂ ಗಾಬರಿಯಾಗಿ ಎಳೆದ್ಬಿಡ್ತಾರೆ. ಎಳೆದ್ರೆ ಕಪ್ಪೆ ಬರ್ತದೆ, ಮೀನು ಬರಲ್ಲ. ಒಂದು ಉಸಿರು ಬಿಡಿ. ಅದು ತಿರುಗ್ಲಿ. ಆಮೇಲೆ ಎತ್ತಿ."

ಗಂಟು ಹಾಕುವಾಗ ಅವರ ಕೈ ನೋಡಬೇಕು. ದಾರವನ್ನು ಎರಡು ಸಲ ಕೊಕ್ಕೆಯ ಕಣ್ಣಿಗೆ ತೂರಿಸಿ, ಸುತ್ತಿ, ಬಿಗಿಯುವ ಮುಂಚೆ ನಾಲಿಗೆಗೆ ತಾಗಿಸಿ ಒದ್ದೆ ಮಾಡುತ್ತಾರೆ. ಒಣಗಿದ ಗಂಟು ಬಿಗಿಯುವಾಗ ಬಿಸಿಯಾಗಿ ದಾರವನ್ನೇ ತಿನ್ನುತ್ತದಂತೆ. ಒದ್ದೆ ಕೈಯಲ್ಲಿ ಎಳೆ ಹಿಡಿದ ವರ್ಷಗಳು ಇಲ್ಲಿ ಉಪಯೋಗಕ್ಕೆ ಬಂದಿವೆ. ಒಮ್ಮೆ ಕೈಕೊಟ್ಟದ್ದೂ ಉಂಟು. ಸುಧೀಂದ್ರ ಮೊದಲ ಸಲ ಹೆಣೆದ ದಾರ ತಂದುಕೊಟ್ಟಾಗ, "ಅಯ್ಯೋ, ನಮ್ಮ ಹುರಿ ರೇಷ್ಮೆ ತರಾನೇ ಇದೆಯಲ್ಲ" ಎಂದು ಅಭ್ಯಾಸಬಲದಿಂದ ಬೆರಳಿಗೆ ಸುತ್ತಿಕೊಂಡು ಜಗ್ಗಿ ನೋಡಿದರು. ರೇಷ್ಮೆಯಾಗಿದ್ದರೆ ಎಳೆ ತುಂಡಾಗುತ್ತಿತ್ತು. ಇಲ್ಲಿ ತುಂಡಾಗುವುದರಲ್ಲಿದ್ದದ್ದು ಬೆರಳು. ಆ ಗೀರು ಇನ್ನೂ ಇದೆ. ಬಂದವರಿಗೆಲ್ಲ ಅದನ್ನು ತೋರಿಸಿ, ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ ಎಂದು ಹೇಳುತ್ತಾರೆ.

ಅವರ ಇನ್ನೊಂದು ಪದ್ಧತಿ ಗಿರಾಕಿಗಳಿಗೆ ಅಷ್ಟಾಗಿ ಹಿಡಿಸದು. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಯೇ ಮಾರುತ್ತಾರೆ. ಆ ಮುಳ್ಳಿದ್ದರೆ ಕೊಕ್ಕೆ ಬಿಡಿಸುವಾಗ ಮೀನಿನ ಬಾಯಿ ಹರಿಯುತ್ತದೆ. ಮುಳ್ಳಿಲ್ಲದ ಗಾಳವೆಂದರೆ ಹಲ್ಲಿಲ್ಲದ ನಾಯಿ ಎಂದು ಆಡಿಕೊಳ್ಳುವವರಿಗೆ ಅವರದು ಒಂದೇ ಉತ್ತರ: "ದಾರ ಸಡಿಲ ಬಿಡ್ಬೇಡಿ, ಮೀನು ಎಲ್ಲೂ ಹೋಗಲ್ಲ. ಬೇಕಾದ್ದು ತಗೊಳ್ಳಿ, ಬೇಡವಾದ್ದು ಬಿಡಿ. ಬಿಡೋ ಮೀನಿಗೆ ಬಾಯಿ ಉಳೀಬೇಕಲ್ವಾ?"

ಅಷ್ಟರಲ್ಲಿ ಮುರಳಿಮೋಹನ್ ಸ್ಕೂಟರು ಬರುತ್ತದೆ. ದಪ್ಪ ಮೀಸೆ, ಮೆತ್ತನೆ ಮಾತು. ಟೀ ಬೇಡವೆಂದು ಹೇಳುತ್ತಲೇ ಎರಡು ಲೋಟ ಕುಡಿಯುತ್ತಾರೆ. "ಅಕ್ಕ, ನಿನ್ಮೇಲೆ ನಂಗೇನೂ ಕೋಪ ಇಲ್ಲ. ಹೋದ ಮಳೆಗಾಲ ಹಿಂಗೇ ಬಿಟ್ವಿ, ಈ ಬೇಸಿಗೇಲಿ ಬಲೆ ಹಾಕಿದ್ರೆ ಕೊರಮೀನೇ ಇಲ್ಲ. ಸಂಘದೋರು ನನ್ನ ಕೇಳ್ತಾರೆ."

"ಗೊತ್ತಪ್ಪ. ನಡಿ, ಹೋಗಣ" ಎಂದು ಆದಿಲಕ್ಷ್ಮಮ್ಮ ಸೆರಗು ಸಿಕ್ಕಿಸಿ ರಾಡು ಎತ್ತಿಕೊಳ್ಳುತ್ತಾರೆ.

ನಾವು ನಾಲ್ವರೂ ಏರಿ ಮೇಲೆ ಮೆಲ್ಲಗೆ ನಡೆಯುತ್ತೇವೆ. ಗಾಳಿ ಬೆನ್ನಿಗಿರುವ ಜಾಗ ನೋಡಿ ಅವರು ಎಸೆಯುತ್ತಾರೆ. ಕಪ್ಪೆ ಹೋಗಿ ತಾವರೆ ಎಲೆಯ ಮೇಲೆ ಕೂರುತ್ತದೆ, ಟುಕ್ ಎಂದು ಜಾರಿ ನೀರಿಗಿಳಿಯುತ್ತದೆ. ಏನೂ ಇಲ್ಲ. ಮತ್ತೆ ಎಸೆತ, ಮತ್ತೆ ಏನೂ ಇಲ್ಲ. ಒಮ್ಮೆ ಜೊಂಡಿನ ಸಂದಿಯಲ್ಲಿ ನೀರು ಧಡ್ಡೆಂದು ಸಿಡಿಯುತ್ತದೆ. ಆದಿಲಕ್ಷ್ಮಮ್ಮ, ಊರಿಗೆಲ್ಲ ತಾಳ್ಮೆ ಹೇಳಿಕೊಡುವ ಆದಿಲಕ್ಷ್ಮಮ್ಮ, ಗಾಬರಿಯಾಗಿ ತಕ್ಷಣ ಎಳೆದುಬಿಡುತ್ತಾರೆ. ಕಪ್ಪೆ ಒಂದೇ ಹಾರಿ ಬಂದು ಕಾಲ ಬಳಿ ಬೀಳುತ್ತದೆ. "ಥೂ, ನನ್ನ ಬುದ್ಧಿಗಿಷ್ಟು!" ಎಂದು ತಲೆ ಚಚ್ಚಿಕೊಳ್ಳುತ್ತಾರೆ. ನಗಬಾರದ ಹೊತ್ತಿನಲ್ಲಿ ನಾವೆಲ್ಲ ನಗುತ್ತೇವೆ, ಮುರಳಿಮೋಹನ್ ಕೂಡ.

ಬಿಸಿಲು ಏರುತ್ತದೆ, ಮೀನಿನ ಸುಳಿವಿಲ್ಲ. ಮುರಳಿಮೋಹನ್ ಗಡಿಯಾರ ನೋಡಿಕೊಳ್ಳುವುದು ಹೆಚ್ಚಾಗುತ್ತದೆ. ಆಗ ಸುಧೀಂದ್ರ ತೂಬಿನ ಕಡೆ ಕೈ ತೋರಿಸುತ್ತಾರೆ. ತೂಬಿನ ಪಕ್ಕ, ದಡದ ಹತ್ತಿರವೇ, ನೀರಿನ ಮೇಲೆ ರಾಗಿ ಕಾಳು ಚೆಲ್ಲಿದ ಹಾಗೆ ಏನೋ ಕೆಂಪಗೆ ಕುದಿಯುತ್ತಿದೆ. ಕೊರಮೀನಿನ ಮರಿಗಳು. ಉಸಿರಿಗೆಂದು ಒಟ್ಟೊಟ್ಟಿಗೆ ಮೇಲೆ ಬಂದು ಒಟ್ಟೊಟ್ಟಿಗೆ ಇಳಿಯುತ್ತಿವೆ. ಅವುಗಳ ಕೆಳಗೆ ಕಾವಲಿಗೆ ದೊಡ್ಡ ಮೀನು ಇದ್ದೇ ಇರುತ್ತದೆ. ಮರಿಗಳ ನಡುವೆ ಕಪ್ಪೆ ಬಿದ್ದರೆ ಅದು ಹಸಿವಿಗಲ್ಲ, ಸಿಟ್ಟಿಗೆ ಹೊಡೆಯುತ್ತದೆ. ಗುರಿ ತಪ್ಪುವ ಮಾತೇ ಇಲ್ಲ.

"ಹಾಕಕ್ಕ, ಅಲ್ಲಿ ಗ್ಯಾರಂಟಿ ಬೀಳತ್ತೆ" ಎನ್ನುತ್ತಾರೆ ಮುರಳಿಮೋಹನ್. ಅವರ ದನಿಯಲ್ಲೂ ಈಗ ಒಂದು ಆಸೆ ಇದೆ. ಅಕ್ಕ ಗೆಲ್ಲಲಿ ಎಂದು ಅವರಿಗೂ ಅನಿಸಿರಬೇಕು.

ಆದಿಲಕ್ಷ್ಮಮ್ಮ ರಾಡು ಎತ್ತುತ್ತಾರೆ. ಅವರು ಮರಿಗಳನ್ನೇ ನೋಡುತ್ತಾ ನಿಂತು, ಆಮೇಲೆ ರಾಡನ್ನು ಇಳಿಸಿ ಕಪ್ಪೆಯ ಕೊಕ್ಕೆಯನ್ನು ರಾಡಿನ ಬಳೆಗೆ ಸಿಕ್ಕಿಸಿಬಿಡುತ್ತಾರೆ.

"ಯಾಕಕ್ಕ? ಹೆಂಗೂ ತಿರುಗಾ ಬಿಟ್ಬಿಡ್ತೀಯಲ್ಲ."

"ನಾನು ಬಿಡ್ತೀನಪ್ಪ. ಮೇಲಕ್ಕೆಳ್ದು, ಕೊಕ್ಕೆ ಬಿಡ್ಸಿ, ವಾಪಸು ಬಿಡೋಷ್ಟರಲ್ಲಿ ಮರಿ ನುಂಗೋ ಆ ಜಿಲೇಬಿ ಮೀನುಗಳು ಸುಮ್ನಿರ್ತಾವಾ? ಅಮ್ಮ ಬರೋಷ್ಟರಲ್ಲಿ ಒಂದು ಮರೀನೂ ಇರಲ್ಲ." ತಮಗೇ ಹೇಳಿಕೊಂಡ ಹಾಗೆ ಮುಂದುವರಿಸುತ್ತಾರೆ. "ನೀನು ಹೇಳಿದ್ದು ನಿಜ ಮುರಳಿ. ಹೋದ್ಸಲ ಹಿಂಗೇ ಆಗಿರೋದು. ಮುಳ್ಳು ಅಮುಕಿದ್ರೆ ಸಾಕು ಅಂದ್ಕೊಂಡಿದ್ದೆ, ಸಾಲ್ದು. ಮಳೆ ಬಿದ್ದಾಗಿಂದ ದಸರಾವರೆಗೂ ಕಪ್ಪೆ ನಿಲ್ಸಿಬಿಡು. ನಾನೂ ಮಾರಲ್ಲ."

ಮಳೆಗಾಲವೇ ಕಪ್ಪೆ ವ್ಯಾಪಾರದ ಸುಗ್ಗಿ ಎಂದು ಸುಧೀಂದ್ರ ನನ್ನ ಕಿವಿಯಲ್ಲಿ ಹೇಳುತ್ತಾರೆ. ಮುರಳಿಮೋಹನ್ ಮೀಸೆ ನೇವರಿಸಿಕೊಳ್ಳುತ್ತಾ ಮರಿಗಳನ್ನು ನೋಡುತ್ತಾರೆ, ಅಕ್ಕನನ್ನು ನೋಡುತ್ತಾರೆ. "ನಾನು ಹೇಳ್ಬೇಕಾದ್ದೆಲ್ಲ ನೀನೇ ಹೇಳಿದ್ರೆ ನಾನೇನಕ್ಕ ಹೇಳ್ಲಿ" ಎಂದು ಕೊನೆಗೆ ನಕ್ಕುಬಿಡುತ್ತಾರೆ. ಅಲ್ಲೇ ಏರಿ ಮೇಲೆ ತೀರ್ಮಾನವಾಗುತ್ತದೆ. ದಸರಾವರೆಗೆ ಕಪ್ಪೆ ಇಲ್ಲ. ಕಾಟ್ಲ, ರೋಹುವಿಗೆ ಬೆಂಡು ಕಟ್ಟಿ ಗಾಳ ಹಾಕುವವರು ಕೋಡಿ ಕಡೆ ಕೂರಬಹುದು. ದಸರಾ ಕಳೆದ ಮೇಲೆ ಕಪ್ಪೆ ಎಸೆಯಬಹುದು, ಆದರೆ ಮುಳ್ಳು ಅಮುಕಿದ ಕೊಕ್ಕೆ ಮಾತ್ರ, ಅದನ್ನು ಅಕ್ಕನೇ ನೋಡಿ ಬಿಡಬೇಕು. ಸಂಘಕ್ಕೆ ಒಪ್ಪಿಸುವುದು ನನ್ನ ಜವಾಬ್ದಾರಿ ಎಂದು ಮುರಳಿಮೋಹನ್ ಮಾತು ಕೊಡುತ್ತಾರೆ.

ಅಂಗಡಿಗೆ ಹಿಂದಿರುಗಿದ ಕೂಡಲೇ ಆದಿಲಕ್ಷ್ಮಮ್ಮ ಕಪ್ಪೆಗಳನ್ನು ಒರೆಸಿ ಡಬ್ಬಿಗೆ ತುಂಬುತ್ತಾರೆ. ಒಲೆ ಪಕ್ಕ ಇನ್ನೊಂದು ಕೆಲಸ ಶುರು. ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ಹುಳವನ್ನು ಒಣಗಿಸಿ, ಕುಟ್ಟಿ, ತವುಡು ಮತ್ತು ಕಡಲೆಕಾಯಿ ಹಿಂಡಿ ಸೇರಿಸಿ ನಾದುತ್ತಾರೆ. ಕಾಟ್ಲ ಮೀನಿಗೆ ಈ ಉಂಡೆಯೆಂದರೆ ಪ್ರಾಣ. ವಾಸನೆ ಮಾತ್ರ ಕೇಳಬೇಡಿ, ಕನಕರಾಜ್ ಅವರ ಮೇಲೆ ನನಗೆ ಮೊದಲ ಸಲ ಮರುಕ ಹುಟ್ಟುತ್ತದೆ. ಉಂಡೆ ಹೇಗಿರಬೇಕು ಎಂದು ಕೇಳಿದರೆ, "ಎಸೆದ್ರೆ ಒಡೀಬಾರ್ದು, ನೀರಲ್ಲಿ ನಿಧಾನಕ್ಕೆ ಬಿಟ್ಕೋಬೇಕು. ಮುದ್ದೆ ಮಾಡಕ್ಕೆ ಬರೋರಿಗೆಲ್ಲ ಇದೂ ಬರ್ತದೆ" ಎನ್ನುತ್ತಾರೆ.

ಹೊರಡುವ ಮುನ್ನ ಕೇಳುತ್ತೇನೆ, ಕಣ್ಣೆದುರಿಗಿದ್ದ ಮೀನನ್ನು ಬಿಟ್ಟು ಬಂದದ್ದಕ್ಕೆ ಬೇಜಾರಿಲ್ಲವೇ?

ಹಿಟ್ಟಾದ ಕೈಯನ್ನು ಎತ್ತಿ ಹಿಡಿದುಕೊಂಡೇ ಅವರು ಕೆರೆಯ ಕಡೆ ನೋಡುತ್ತಾರೆ. "ಸ್ವಲ್ಪ ಇದೆ ಸಾರ್, ಸುಳ್ಳು ಯಾಕೆ ಹೇಳ್ಲಿ. ಒಂದೇ ಆಸೆ ನಂಗೆ. ಮುಂದಿನ ಬೇಸಿಗೇಲಿ ಆ ಮರಿಗಳಲ್ಲಿ ಒಂದಾದ್ರೂ ದೊಡ್ಡದಾಗಿ ಬಂದು ನನ್ನ ಕಪ್ಪೆ ಹೊಡೀಬೇಕು. ಹೊಡ್ದು ತಪ್ಪಿಸ್ಕೊಂಡು ಹೋದ್ರೂ ಖುಷೀನೇ. ಅಷ್ಟು ಬುದ್ಧಿ ಬರೋವರೆಗೂ ಅದರಮ್ಮ ಜೊತೇಲಿದ್ಲು ಅಂತ ಗೊತ್ತಾಗತ್ತಲ್ಲ."