ಗಡ್ಡದ ಹೂವೂ ಅತ್ತೆಯ ಕೈಗುಣವೂ

ನಮ್ಮ ಮೇಗುಂದದ ಕಡೆಯ ಹೆಂಗಸರು ನೆಂಟರ ಮನೆಯಿಂದ ಬರಿಗೈಯಲ್ಲಿ ವಾಪಸು ಬಂದದ್ದನ್ನು ನಾನಂತೂ ಕಂಡಿಲ್ಲ. ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ಹೊರಡುವಾಗ ಕೈಯಲ್ಲಿ ಒಂದು ಡೇರೆ ಹೂವಿನ ಗೆಡ್ಡೆಯೋ ಗುಲಾಬಿ ರೆಂಬೆಯೋ ಇರಲೇಬೇಕು. ಹೀಗಿರುವಾಗ ಊಟಿ ಪ್ರವಾಸಕ್ಕೆ ಹೋದವಳು ನರ್ಸರಿಯ ಮುಂದೆ ಕಣ್ಣು ಮುಚ್ಚಿಕೊಂಡು ಹಾದುಹೋಗಲು ನಾನೇನು ಸನ್ಯಾಸಿನಿಯೇ? ಗಡ್ಡದ ಐರಿಸ್ ಗೆಡ್ಡೆ ಮೂರು ತಂದೆ. ‘ನಿಮ್ಮ ಮಳೆಗೆ ಇದು ತಡೆಯೋದಿಲ್ಲಮ್ಮ’ ಎಂದು ನರ್ಸರಿಯವನು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೂರು ನೇರಳೆ ಎಸಳು ಮೇಲಕ್ಕೆ, ಮೂರು ಕೆಳಕ್ಕೆ. ಕೆಳಗೆ ಜೋತ ಒಂದೊಂದರ ಮೇಲೂ ಹಳದಿ ಕುಚ್ಚು, ಅದೇ ಗಡ್ಡ. ಗ್ರೀಕರು ಕಾಮನಬಿಲ್ಲಿನ ದೇವತೆಯ ಹೆಸರನ್ನೇ ಇದಕ್ಕಿಟ್ಟರಂತೆ, ಒಣಗಿದ ಗೆಡ್ಡೆಯಿಂದ ಅತ್ತರು ತೆಗೆಯುತ್ತಾರಂತೆ. ಈ ವಿದ್ವತ್ತನ್ನೆಲ್ಲ ಅತ್ತೆಯ ಮುಂದೆ ಸುರಿದೆ. ಅವರು ಮೊಬೈಲಿನ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, “ಹೂವಿಗೆ ಎಂತಕ್ಕೆ ಮಾರಾಯ್ತಿ ಗಡ್ಡ? ಇರ್ಲಿ, ಕೊಡು, ನಾನು ನೆಡ್ತೀನಿ” ಎಂದರು.

ಅತ್ತೆಯ ಕೈಗುಣ ಊರಿಗೇ ಗೊತ್ತು. ಕೋಲು ಊರಿದರೂ ಚಿಗುರುತ್ತದೆ ಎನ್ನುತ್ತಾರೆ. ಅವರು ಎರಡು ಗೆಡ್ಡೆಗಳಿಗೆ ಶುಂಠಿಗೆ ಮಾಡುವ ಉಪಚಾರವನ್ನೆಲ್ಲ ಮಾಡಿದರು: ಆಳವಾಗಿ ಹೂತು, ಸಗಣಿ ಗೊಬ್ಬರ ಕೊಟ್ಟು, ಮೇಲೆ ದಪ್ಪಗೆ ಒಣ ಎಲೆ ಹೊದಿಸಿದರು. ನಮ್ಮಲ್ಲಿ ಪ್ರೀತಿಯೆಂದರೆ ಮುಚ್ಚುವುದೇ ತಾನೆ! ಮೊದಲ ದೊಡ್ಡ ಮಳೆಗೆ ಎರಡೂ ಕೊಳೆತು ಗೊಜ್ಜಾದವು. ಆಮೇಲೆ ಓದಿ ತಿಳಿದೆ, ಈ ಗೆಡ್ಡೆಯ ಬೆನ್ನು ಮಣ್ಣಿನ ಮೇಲಿದ್ದು ಬಿಸಿಲು ಕಾಯಬೇಕಂತೆ. ಗ್ರೀಕರ ದೇವತೆ ಗೊತ್ತಿದ್ದ ನನಗೆ ಇದು ಗೊತ್ತಿರಲಿಲ್ಲ ನೋಡಿ.

ಗಿಡ ಹೋದರೆ ಹೋಗಲಿ. ಆದರೆ ಅತ್ತೆ, “ನನ್ನ ಕೈಗುಣ ಮುಗೀತು ಕಾಣ್ತದೆ” ಎಂದುಬಿಟ್ಟರು. ಮತ್ತೆ ಅಂಗಳಕ್ಕೆ ಇಳಿಯಲೇ ಇಲ್ಲ. ಡೇರೆ ನೆಡೋಣ ಎಂದರೆ, “ನೀನೇ ನೆಟ್ಕೋ, ನಾನು ಮುಟ್ಟಿದ್ರೆ ಅದೂ ಸಾಯ್ತದೆ” ಅನ್ನುವರು. ಉಳಿದ ಒಂದು ಗೆಡ್ಡೆ ಬದುಕಲೇಬೇಕಿತ್ತು, ಅದೂ ಅವರ ಕೈಯಲ್ಲೇ.

ಕುಂಡಕ್ಕೆ ಮರಳು, ಹೆಂಚಿನ ಚೂರು ತುಂಬಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಿತ್ತಿಲಿನ ಪ್ಲಾಸ್ಟಿಕ್ ಚಪ್ಪರದೊಳಗೆ ಇಟ್ಟೆ. ಅತ್ತೆಯನ್ನು ಬಲವಂತವಾಗಿ ಕರೆದು ಅವರ ಕೈಯಿಂದಲೇ ನೆಡಿಸಿದೆ.

“ಪಾಪ, ಬರೀ ಬೆನ್ನಲ್ಲಿ ಮಲಗಿದೆಯಲ್ಲೇ. ಒಂದು ಹಿಡಿ ಮಣ್ಣಾದ್ರೂ?”

“ಬೇಡ ಅತ್ತೆ. ಇದಕ್ಕೆ ಸುಮ್ಮನಿರೋದೇ ಗೊಬ್ಬರ.”

ಜೀವಮಾನವಿಡೀ ಏನಾದರೊಂದು ಮಾಡುತ್ತಲೇ ಇದ್ದವರಿಗೆ ಸುಮ್ಮನಿರು ಎಂದರೆ ಅದೇನು ಸಣ್ಣ ಶಿಕ್ಷೆಯೇ? ದಿನಾ ಹೋಗಿ, ಸೆರಗಿನಲ್ಲಿ ಕೈ ಸುತ್ತಿಕೊಂಡು ನೋಡಿ ಬರುತ್ತಿದ್ದರು. ಕೆಲವು ಬೆಳಿಗ್ಗೆ ಗೆಡ್ಡೆಯ ಮೇಲೆ ಚಿಟಿಕೆ ಮಣ್ಣು ಕಾಣುತ್ತಿತ್ತು. ನಾನು ಊದಿ ಹಾರಿಸುತ್ತಿದ್ದೆ. ಆ ವಿಷಯ ನಾವಿಬ್ಬರೂ ಎತ್ತಲಿಲ್ಲ.

ಶಿವರಾತ್ರಿ ಹೊತ್ತಿಗೆ ಒಂದು ಮೊಗ್ಗು ಬಂತು, ಬಿರಿಯಿತು. ನಾನು ಕೂಗಿದ ಕೂಗಿಗೆ ಹಾಲು ಕಾಯುತ್ತಿದ್ದುದನ್ನೂ ಬಿಟ್ಟು ಓಡಿಬಂದ ಅತ್ತೆ ಸುತ್ತ ತಿರುಗಿ ನೋಡಿದರು, ಮೂಸಿದರು. “ಚಂದ ಇದೆ. ಗಡ್ಡ ಬೋಳಿಸಿದ್ರೆ ಇನ್ನೂ ಚಂದ ಕಾಣ್ತಿತ್ತು” ಎಂದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಒಲೆಯ ಮೇಲೆ ಹಾಲು ಉಕ್ಕಿಹೋಗಿತ್ತು.

ಮರುದಿನ ಕಿಗ್ಗದಿಂದ ಬಂದ ನಾದಿನಿ ಹೂವಿನ ಮುಂದೆ ಬಾಯಿ ಬಿಟ್ಟು ನಿಂತಳು. “ಅಮ್ಮ, ಇದನ್ನ ಯಾರು ಬೆಳೆಸಿದ್ದು?”

ಊಟಿಯಿಂದ ಹೊತ್ತು ತಂದವಳು, ಮರಳು ಜರಡಿ ಹಿಡಿದವಳು, ಮಣ್ಣು ಊದಿದವಳು ನಾನು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿದರು: “ಮತ್ಯಾರು? ನಾನೇ. ನನ್ನ ಕೈಗೆ ಯಾವುದು ಬರೋದಿಲ್ಲ ಹೇಳು? ಬಾ, ಡೇರೆಗೆ ಮಡಿ ಮಾಡೋದಿದೆ.”

ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳನ್ನು ಎಳೆದುಕೊಂಡು, ಎಷ್ಟೋ ತಿಂಗಳ ಮೇಲೆ ಅಂಗಳಕ್ಕೆ ಇಳಿದರು. ನಾನು ತುಟಿಪಿಟಕ್ಕೆನ್ನಲಿಲ್ಲ. ಸುಮ್ಮನಿರುವುದರಲ್ಲಿ ಇಷ್ಟು ಸುಖವಿದೆಯೆಂದು ಯಾರೂ ಹೇಳಿರಲಿಲ್ಲ.