ಬಬಲೇಶ್ವರದ ಅಪರೂಪದ ಕಲ್ಲು

ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ ಜೋರಾಪುರ ಪೇಟೆಯೊಳಗೆ ನನ್ನ ಕುಚೇಷ್ಟೆಗೆ ಸಿಗದವರೇ ಇರಲಿಲ್ಲ. ನನ್ನ ಟಾಂಗಾದಲ್ಲಿ ಟಿಕೋಟಾ, ಬಬಲೇಶ್ವರ ಸುತ್ತುತ್ತಿದ್ದ ಕಲ್ಲು ಪರೀಕ್ಷಿಸುವ ಸಾಹೇಬರೊಬ್ಬರು ಮಾತ್ರ ಬಾಕಿ ಉಳಿದಿದ್ದರು.

ಅವರು ಕಲ್ಲು ಒಡೆದರೆ ಮೊದಲು ಮೂಸುತ್ತಿದ್ದರು, ಆಮೇಲೆ ಚೀಲಕ್ಕೆ ಹಾಕುತ್ತಿದ್ದರು. ಕೋಣೆಗೆ ಒಯ್ದು ಪುಡಿ ಮಾಡಿ, ಆಮ್ಲದಲ್ಲಿ ಕುದಿಸಿ, ಒಳಗಿನ ಸಿಲಿಕಾ, ಅಂದರೆ ಮರಳಿನ ಅಂಶ, ತೂಗಿ, ಅದರ ಮೇಲೆಯೇ ಕಲ್ಲು ಯಾವ ಜಾತಿಯದೆಂದು ಹೇಳುತ್ತಿದ್ದರು. "ಬಣ್ಣ ಕೇಳಬ್ಯಾಡೋ, ಹೊಟ್ಟ್ಯಾಗ ಏನೈತಿ ಕೇಳು" ಅನ್ನುವುದು ಅವರ ಮಾತು. ನಮ್ಮ ಸೀಮೆಯ ಕರಿಕಲ್ಲಿನ ಹೊಟ್ಟೆಯಲ್ಲಿ ಸಿಲಿಕಾ ಯಾವಾಗಲೂ ನೂರಕ್ಕೆ ಐವತ್ತರ ಆಸುಪಾಸು.

ನಾನು ಸೊಲ್ಲಾಪುರ ರಸ್ತೆಯ ಕಮ್ಮಾರನ ಕುಲುಮೆಯಿಂದ ಕಬ್ಬಿಣದ ಕಿಟ್ಟದ ಕರಿಗಡ್ಡೆಯೊಂದನ್ನು ತಂದು ಟಾಂಗಾದ ಹಿಂದೆ ಇಟ್ಟಿದ್ದ ಬಬಲೇಶ್ವರದ ಕಲ್ಲಿನ ಚೀಲಕ್ಕೆ ಸೇರಿಸಿಬಿಟ್ಟೆ.

ನಾಲ್ಕನೇ ದಿನ ಸಾಹೇಬರು ಬರಿಗಾಲಲ್ಲೇ ಓಡಿಬಂದರು.

"ಲೇ, ಸಿಲಿಕಾ ಬರೇ ಮೂವತ್ತೈತಿ! ಇಂಥಾ ಕಲ್ಲು ಈ ಕಡೆ ಯಾರೂ ಕಂಡಿಲ್ಲ. ಮುಂಬೈದ ದೊಡ್ಡ ಸಾಹೇಬರಿಗೆ ಕಾಗದ ಬರದೇನಿ. ಟಪಾಲಿಗೆ ಹಾಕೂ ಮೊದಲ ಆ ಜಾಗಾ ಇನ್ನೊಮ್ಮೆ ನೋಡೂಣು, ಟಾಂಗಾ ಹೂಡು!"

ಬಬಲೇಶ್ವರದ ಹೊಲದಲ್ಲಿ ಮಧ್ಯಾಹ್ನದವರೆಗೂ ಬಂಡೆ ಕುಟ್ಟಿದರು. ಅಂಗೈಯಲ್ಲಿ ಬೊಬ್ಬೆ ಎದ್ದವು. ಕಾಗದ ಜೇಬಿನಲ್ಲೇ ಇತ್ತು. ಅದು ಮುಂಬೈ ಮುಟ್ಟಿದರೆ ಅವರ ಹೆಸರು ಮಣ್ಣಾಗುತ್ತದೆ ಎಂದು ಕುದುರೆ ಹೊಡೆಯುವ ನನಗೂ ಹೊಳೆಯಿತು.

"ಸಾಹೇಬ್ರ, ಅದು ಕಲ್ಲಲ್ರೀ, ಕಮ್ಮಾರನ ಕಿಟ್ಟ. ನಾನಽ ಹಾಕಿದ್ದೆ."

ಸುತ್ತಿಗೆ ಕೆಳಗಿಟ್ಟರು. ಕಾಗದ ತೆಗೆದು ನಾಲ್ಕು ತುಂಡು ಮಾಡಿದರು. "ಹಂಗಾದ್ರ ನನ್ನ ತೂಕ ತಪ್ಪಿಲ್ಲ ಬಿಡು" ಅಂದರು.

ಬೈಯಲಿಲ್ಲ, ಟಾಂಗಾವನ್ನೂ ಬದಲಿಸಲಿಲ್ಲ. ಆದರೆ ಅವತ್ತಿನಿಂದ ಕಲ್ಲಿನ ಚೀಲ, ಎಷ್ಟೇ ಭಾರವಿರಲಿ, ಅವರ ತೊಡೆಯ ಮೇಲೆಯೇ ಕೂತು ಬರುತ್ತಿತ್ತು.